ಬರದ ನಾಡಿಗೆ ಬಂದ ರೈಲು

ಸೊಲ್ಲಾಪುರದ ಕಡೆಯಿಂದ ವಿಜಯಪುರಕ್ಕೆ ರೈಲಿನಲ್ಲಿ ಬಂದರೆ ದಾರಿಯಲ್ಲಿ ‘ಇಂಡಿ ರೋಡ್’ ಎಂಬ ನಿಲ್ದಾಣ ಸಿಗುತ್ತದೆ. ವಿಜಯಪುರ ದಾಟಿ ಬಾಗಲಕೋಟೆಯತ್ತ ಹೊರಟರೆ ‘ಬಸವನ ಬಾಗೇವಾಡಿ ರೋಡ್’ ಸಿಗುತ್ತದೆ. ಊರು ಹಳಿಯಿಂದ ದೂರವಿದ್ದರೆ ನಿಲ್ದಾಣದ ಹೆಸರಿಗೆ ‘ರೋಡ್’ ಸೇರಿಸುವುದು ರೈಲ್ವೆಯ ಹಳೆಯ ರೂಢಿ. ಇಳಿದವರು ಮುಂದೆ ರಸ್ತೆ ಹಿಡಿಯಬೇಕು. ಸಿಂದಗಿ, ಮುದ್ದೇಬಿಹಾಳದವರಿಗೆ ಅಷ್ಟೂ ಇಲ್ಲ. ಆ ಪಟ್ಟಣಗಳಿಗೆ ಇಂದಿಗೂ ರೈಲು ಬಂದಿಲ್ಲ.

ಈ ಹಳಿ ಹುಟ್ಟಿದ್ದೇ ಬರದಿಂದ ಎಂಬುದನ್ನು ನಾವು ಮರೆತಿದ್ದೇವೆ. 1876ರಿಂದ 1878ರವರೆಗಿನ ಮಹಾಬರದಲ್ಲಿ ಈ ಸೀಮೆ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ಹೊರಗಿನಿಂದ ಕಾಳು ತರಲು ಎತ್ತಿನ ಬಂಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸತ್ತ ಮೇಲೆ ಬಂಡಿ ಎಳೆಯುವವರು ಯಾರು? 1872ರ ಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಕುಗ್ಗಿತು.

1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಗಳ ಕೂಲಿಯನ್ನು ಇಳಿಸಿದಾಗ ಮುಂಬೈ ಪ್ರಾಂತದ ಎಷ್ಟೋ ಕಡೆ ಹಸಿದ ಜನರೇ ಕೆಲಸ ಬಿಟ್ಟು ಪ್ರತಿಭಟಿಸಿದರು. ಪುಣೆಯ ಸಾರ್ವಜನಿಕ ಸಭೆ ದಖ್ಖನಿನ ಬರಪೀಡಿತ ಜಿಲ್ಲೆಗಳ ಸುದ್ದಿ ಕಲೆಹಾಕಿ ಸರಕಾರಕ್ಕೆ ಅರ್ಜಿ ಬರೆಯಿತು. ಹಳ್ಳಿಯ ಹಸಿವನ್ನು ದೂರದ ದರ್ಬಾರಿಗೆ ಮುಟ್ಟಿಸಿದ ಮೊದಲ ಜಾಲಗಳಲ್ಲಿ ಅದೂ ಒಂದು.

1880ರಲ್ಲಿ ಕ್ಷಾಮ ಆಯೋಗ ರೈಲು ಮಾರ್ಗಗಳನ್ನು ಹೆಚ್ಚಿಸಲು ಹೇಳಿತು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮಾರ್ಗ ತೆರೆಯಿತು. ಆದರೂ 1896ರಲ್ಲಿ, 1899ರಲ್ಲಿ ಮತ್ತೆ ಬರ ಬಂತು. ರೈಲು ಕಾಳು ತಂದೀತು, ಕೊಳ್ಳುವ ದುಡ್ಡು ತಾರದು. ಹೆಚ್ಚು ಬೆಲೆ ಸಿಗುವ ಪೇಟೆಗೆ ಅದೇ ರೈಲು ಕಾಳನ್ನು ಹೊತ್ತೊಯ್ಯಲೂಬಹುದು. ಕಾಳಿನ ಕೊರತೆಗಿಂತ ಕೊಳ್ಳುವ ಶಕ್ತಿಯ ಕೊರತೆಯೇ ಎಷ್ಟೋ ಕ್ಷಾಮಗಳ ಮೂಲವೆಂದು ಅಮರ್ತ್ಯ ಸೇನ್ 1981ರಲ್ಲಿ ವಿವರಿಸಿದ್ದು ಇದನ್ನೇ.

ಕೊಳ್ಳುವ ಶಕ್ತಿಯನ್ನು ಊರಿನಲ್ಲೇ ಬೆಳೆಸುವ ಪ್ರಯತ್ನಗಳೂ ಇಲ್ಲೇ ನಡೆದವು. 1904ರ ಸಹಕಾರ ಕಾಯ್ದೆ ದೇಶಕ್ಕೆಲ್ಲ ಒಂದೇ. ಅದನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಗದಗ ಬಳಿಯ ಕಣಗಿನಹಾಳದ ರೈತರಿದ್ದರು. 1905ರಲ್ಲಿ ಅವರು ಸಂಘ ಕಟ್ಟಿದರು. 1912ರಲ್ಲಿ ಬಿಜಾಪುರದಲ್ಲಿ ವಚನ ಸಂಶೋಧಕ ಫ.ಗು. ಹಳಕಟ್ಟಿಯವರು ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಸ್ಥಾಪಿಸಿದರು. ಕಾಯ್ದೆ ಮೇಲಿನಿಂದ ಬಂತು, ಅದಕ್ಕೆ ಜೀವ ತುಂಬಿದವರು ಊರವರು.

2005ರ ಉದ್ಯೋಗ ಖಾತರಿ ಕಾಯ್ದೆಯ ಪಾಠವೂ ಬೇರೆಯಲ್ಲ. 2006ರ ಮೊದಲ ಪಟ್ಟಿಯಲ್ಲಿ ಬರಕ್ಕೆ ಹೆಸರಾದ ಈ ಜಿಲ್ಲೆ ಇರಲಿಲ್ಲ. ಕಾಯ್ದೆ ಇಲ್ಲಿಗೆ ತಲುಪಿದ್ದು 2008ರ ಏಪ್ರಿಲ್‌ನಲ್ಲಿ. ಅರ್ಜಿ ಕೊಟ್ಟ ಹದಿನೈದು ದಿನಗಳಲ್ಲಿ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ ಎಂದು ಅದು ಹೇಳಿತು. ಆದರೆ ಬೇಡಿಕೆಯನ್ನು ಬರೆದು ಕೊಟ್ಟು ರಸೀದಿ ಪಡೆದವರಿಗೆ ಮಾತ್ರ ಅದು ಹಕ್ಕಾಗಿ ನಿಲ್ಲುತ್ತಿತ್ತು. ಓದು ಬಾರದ ಕೂಲಿಕಾರನಿಗೆ ಆ ರಸೀದಿ ಕೇಳಲು ಧೈರ್ಯ ಕೊಡುವವರು ಬೇಕಿತ್ತು.

ಈ ತಾಲ್ಲೂಕುಗಳಿಂದ ಗೋವಾ, ಮಹಾರಾಷ್ಟ್ರಗಳಿಗೆ ಜನ ಗುಳೆ ಹೋಗುವುದನ್ನು ನಾವು ನೋಡುತ್ತಲೇ ಬೆಳೆದೆವು. ಮೊಹರಂಗೋ ಜಾತ್ರೆಗೋ ಮರಳುವ ಹೊತ್ತಿಗೆ ಮಕ್ಕಳ ಶಾಲೆ ತಪ್ಪಿರುತ್ತದೆ. ಕಾಳು ತರಲೆಂದು ಹಾಕಿದ ಹಳಿ ಜನರನ್ನು ಕರೆದೊಯ್ಯುವ ಹಳಿಯಾಯಿತು.

ಕಾಯ್ದೆಗಳು ಬದಲಾಗುತ್ತವೆ, ಯೋಜನೆಗಳ ಹೆಸರೂ ಬದಲಾಗುತ್ತದೆ. ದಿಲ್ಲಿಯಿಂದ ಬರುವುದೆಲ್ಲ ಸಾಮಾನ್ಯವಾಗಿ ‘ರೋಡ್’ ನಿಲ್ದಾಣದವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮನೆಬಾಗಿಲಿಗೆ ತಲುಪಿಸುವ ಹೊಣೆ ಪಂಚಾಯಿತಿಯದು, ಸಹಕಾರ ಸಂಘದ್ದು, ಸ್ತ್ರೀಶಕ್ತಿ ಗುಂಪುಗಳದು. ಮಸೀದಿಯ ಜಮಾತಿಗೂ ಮಠಕ್ಕೂ ಅದರಲ್ಲಿ ಪಾಲಿದೆ. ಒಬ್ಬ ಕೂಲಿಕಾರಳ ಅರ್ಜಿ ಬರೆದುಕೊಡುವುದು ಸಣ್ಣ ಕೆಲಸವಲ್ಲ. ಅಷ್ಟನ್ನಾದರೂ ನಾವು ಮಾಡಬಹುದು.