ಜಮಖಾನದ ಊರು, ಹತ್ತಿಯ ಎಳೆ

ನವಲಗುಂದ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಎರಡು. ಒಂದು ಜಮಖಾನ, ಇನ್ನೊಂದು 1980ರ ರೈತ ಬಂಡಾಯ. ಒಂದು ಮನೆಯೊಳಗೆ ಹಾಸುವಂಥದ್ದು, ಇನ್ನೊಂದು ಬೀದಿಯಲ್ಲಿ ನಡೆದದ್ದು. ಎರಡನ್ನೂ ಜೋಡಿಸುವ ಎಳೆಯೊಂದಿದೆ. ಅದು ಹತ್ತಿ.

ಮೊದಲು ಜಮಖಾನ. ಆದಿಲಶಾಹಿ ಕಾಲದಲ್ಲಿ ಬಿಜಾಪುರದಿಂದ ಬಂದ ನೇಕಾರ ಮನೆತನಗಳು ಈ ಕಲೆ ತಂದವು ಅನ್ನುತ್ತಾರೆ. ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ನಿಲ್ಲಿಸಿದ ಮಗ್ಗದ ಮುಂದೆ ಕೂತು, ಒಂದೊಂದೇ ಬಣ್ಣದ ನೂಲು ಹೊಗಿಸಿ, ಪಂಜಾದಿಂದ ಬಡಿದು ಕೂರಿಸುತ್ತಾರೆ. ನವಿಲು, ಪಗಡೆ ಹಾಸು ಅದರ ಗುರುತು. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಇದಕ್ಕೆ ರೇಷ್ಮೆಯಂಥ ನಯವಾದ ನೂಲು ಬೇಡ. ತುಳಿದರೂ ಹರಿಯದ ದಪ್ಪ ನೂಲು ಬೇಕು.

ಅಂಥ ನೂಲಿಗೆ ತಕ್ಕ ಹತ್ತಿ ನಮ್ಮ ಎರೆ ಹೊಲದಲ್ಲೇ ಇತ್ತು. ಗಿಡ್ಡ ಎಳೆಯ ಜವಾರಿ ಹತ್ತಿ. ಮುಂಗಾರಿನ ಕೊನೆಗೆ ಬಿತ್ತಿದರೆ, ಮಳೆ ನಿಂತ ಮೇಲೂ ಆಳಕ್ಕೆ ಬೇರಿಳಿಸಿ ಮಣ್ಣಿನ ಹಸಿ ಕುಡಿದು ಬೆಳೆಯುತ್ತಿತ್ತು. ಮುಂಬಯಿ ಪೇಟೆಯಲ್ಲಿ ಇದರ ಹೆಸರು ‘ಕುಮಟಾ ಹತ್ತಿ’. ಕುಮಟೆಯಲ್ಲಿ ಬೆಳೆದದ್ದಲ್ಲ ಮತ್ತೆ! ರೈಲು ಬರುವ ಮುಂಚೆ ಧಾರವಾಡ ಸೀಮೆಯ ಅರಳೆ ಎತ್ತಿನ ಮೇಲೆ, ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಬೆಳೆದ ಊರಿನ ಹೆಸರು ಮಾಯವಾಗಿ ಬಂದರಿನ ಹೆಸರು ಉಳಿಯಿತು.

ಇಂಗ್ಲೆಂಡಿನ ಗಿರಣಿಗಳಿಗೆ ಮಾತ್ರ ಉದ್ದ ಎಳೆ ಬೇಕಿತ್ತು. 1840ರ ದಶಕದಲ್ಲಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಅಮೇರಿಕಾದ ಬೀಜ ಹಾಕಿ ನೋಡಿದರು. ಅದೇ ಮುಂದೆ ‘ಧಾರವಾಡ-ಅಮೇರಿಕನ್’ ಹತ್ತಿ ಆಯಿತು. 1861ರಲ್ಲಿ ಅಮೇರಿಕಾದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ದರ ಆಕಾಶಕ್ಕೇರಿತು. ಕಲಬೆರಕೆ ಎಷ್ಟಾಯಿತೆಂದರೆ ಅದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ತಂದಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು. ಯಾರದೋ ಯುದ್ಧ, ನಷ್ಟ ನಮ್ಮ ಒಕ್ಕಲಿಗನಿಗೆ.

ಇದೇ ಕಥೆ ನೂರು ವರ್ಷದ ಮೇಲೆ ಮತ್ತೆ ನಡೆಯಿತು ನೋಡಿ. ಜವಾರಿ ಹತ್ತಿಯಲ್ಲೇ ಧಾರವಾಡದ ವಿಜ್ಞಾನಿಗಳು ಬೆಳೆಸಿದ ‘ಜಯಧರ’ ತಳಿ ಹೊಲ ತುಂಬಿತ್ತು. 1972ರಲ್ಲಿ ಧಾರವಾಡದಿಂದಲೇ ಡಾ. ಬಿ. ಎಚ್. ಕಟರಕಿ ಅವರ ‘ವರಲಕ್ಷ್ಮಿ’ ಹೈಬ್ರಿಡ್ ಬಂತು. ಉದ್ದ ಎಳೆ, ಒಳ್ಳೆ ಇಳುವರಿ, ಆದರೆ ನೀರು, ಗೊಬ್ಬರ, ಔಷಧ ಎಲ್ಲಾ ಬೇಕು. ಅತ್ತ ನವಿಲುತೀರ್ಥದ ಆಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂದಿತ್ತು. ರೈತರು ಸಾಲ ಮಾಡಿ ವರಲಕ್ಷ್ಮಿ ಹಾಕಿದರು. ದರ ಬಿತ್ತು. ಸಾಲದ್ದಕ್ಕೆ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರದ ನೋಟೀಸು. 1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಕಡೆ ಗೋಲಿಬಾರ್ ಆಯಿತು, ರೈತರು ಸತ್ತರು. ಇಂದಿಗೂ ಆ ದಿನ ಹುತಾತ್ಮ ರೈತರನ್ನು ನೆನೆಯುತ್ತಾರೆ. ಕರ ನೆನಪಿದೆ, ನೀರು ನೆನಪಿದೆ. ಹತ್ತಿಯ ಮಾತು ಮಾತ್ರ ಕಡಿಮೆ.

ವರಲಕ್ಷ್ಮಿಯನ್ನು ದೂರುತ್ತಿಲ್ಲ. ಅದು ದೊಡ್ಡ ಸಾಧನೆಯೇ. ಆದರೆ ದೂರದ ಗಿರಣಿಗೆ ಬೇಕಾದ ಎಳೆಗಾಗಿ ಹೊಲ ಬದಲಾಯಿಸಿದಾಗೆಲ್ಲ ದರ ಬಿದ್ದ ಪೆಟ್ಟು ತಿಂದವನು ಬೆಳೆದವನೇ. 2002ರ ನಂತರ ಬಿಟಿ ಬಂದು ಜಯಧರ ಇನ್ನೂ ಮೂಲೆ ಸೇರಿತು.

ಈಗ ನೈಸರ್ಗಿಕ ನಾರು, ಪರಿಸರಸ್ನೇಹಿ ಬಟ್ಟೆ ಅಂತ ಜಗತ್ತೇ ಮಾತಾಡುತ್ತಿದೆ. ಕಾಲುವೆ ನೀರು ಕೇಳದ ಹತ್ತಿ, ವಿದ್ಯುತ್ತು ಕೇಳದ ಮಗ್ಗ, ಮೊಮ್ಮಕ್ಕಳ ತನಕ ಬಾಳುವ ಹಾಸು... ಮೂರೂ ಒಂದೇ ಸೀಮೆಯಲ್ಲಿದ್ದವು. ಮಗ್ಗಗಳು ಈಗ ಬೆರಳೆಣಿಕೆಯಷ್ಟು. ಜವಾರಿ ಹತ್ತಿಯ ದಪ್ಪ ನೂಲು ಮತ್ತೆ ಆ ಮಗ್ಗಕ್ಕೆ ಸಿಕ್ಕರೆ ಬೆಳೆದವನಿಗೂ ನೇಯ್ದವಳಿಗೂ ದರ ಊರಲ್ಲೇ ನಿಗದಿಯಾದೀತು. ನನ್ನ ಆಸೆ ಇಷ್ಟೇ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ನವಲಗುಂದ ಜಮಖಾನ ಇದ್ದರೆ ಒಮ್ಮೆ ಬಿಚ್ಚಿ ನೋಡಿ. ಪಗಡೆ ಹಾಸು ಇದೆಯೋ, ನವಿಲು ಇದೆಯೋ, ನನಗೂ ತಿಳಿಸಿ.