ಅಣು ಡಾಕಿಂಗ್

ಒಂದು ಸಣ್ಣ ಅಣು ಪ್ರೋಟೀನಿನ ಯಾವ ಭಾಗದಲ್ಲಿ, ಯಾವ ಭಂಗಿಯಲ್ಲಿ, ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಅಂದಾಜಿಸುವ ವಿಧಾನ. ಹೀಗೆ ಬಂದು ಕೂರುವ ಅಣುವನ್ನು ಲಿಗ್ಯಾಂಡ್ ಎನ್ನುತ್ತಾರೆ. ಔಷಧ ಶೋಧನೆಯಲ್ಲಿ ಇದರ ಬಳಕೆ ಹೆಚ್ಚು.

ಇತಿಹಾಸ: ಕಿಣ್ವ ಎಂಬ ಬಗೆಯ ಪ್ರೋಟೀನಿಗೂ ಅದು ಹಿಡಿಯುವ ಅಣುವಿಗೂ ಇರುವ ಹೊಂದಿಕೆಯನ್ನು ಜರ್ಮನಿಯ ಎಮಿಲ್ ಫಿಷರ್ 1894ರಲ್ಲಿ ಬೀಗ-ಕೀಲಿಗೆ ಹೋಲಿಸಿದರು. ಅಣು ಕೂರುವಾಗ ಕಿಣ್ವದ ಆಕಾರವೂ ಬದಲಾಗುತ್ತದೆಂದು ಅಮೆರಿಕದ ಡೇನಿಯಲ್ ಕೋಶ್‌ಲ್ಯಾಂಡ್ 1958ರಲ್ಲಿ ವಾದಿಸಿದರು. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಆರಂಭವಾಯಿತು. 1982ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಇರ್ವಿನ್ ಕುಂಟ್ಸ್ ತಂಡ ‘ಡಾಕ್’ ಪ್ರೋಗ್ರಾಮಿನ ಮೊದಲ ರೂಪವನ್ನು ಪ್ರಕಟಿಸಿತು. ಅದರಲ್ಲಿ ಪ್ರೋಟೀನೂ ಲಿಗ್ಯಾಂಡೂ ಬಾಗದ ಘನವಸ್ತುಗಳು. 1990ರ ‘ಆಟೊಡಾಕ್’ ಲಿಗ್ಯಾಂಡಿನ ಬಂಧಗಳು ತಿರುಗಲು ಅವಕಾಶ ಕೊಟ್ಟಿತು.

ವಿಧಾನ: ಕೆಲಸ ಎರಡು ಬಗೆಯದು. ಲಿಗ್ಯಾಂಡನ್ನು ಸರಿಸಿ, ತಿರುಗಿಸಿ, ಬಾಗಿಸಿ ಸಾವಿರಾರು ಭಂಗಿಗಳನ್ನು ಪರೀಕ್ಷಿಸುವುದು ಶೋಧ. ಪ್ರತಿ ಭಂಗಿಗೂ ಅಂಕ ಕೊಡುವುದು ಮೌಲ್ಯಮಾಪನ. ಹೈಡ್ರೋಜನ್ ಬಂಧ, ವಿದ್ಯುದಾವೇಶಗಳ ಸೆಳೆತ, ಪರಮಾಣುಗಳ ಒತ್ತೊತ್ತಾದ ಹೊಂದಿಕೆ ಇವೆಲ್ಲ ಅಂಕವನ್ನು ನಿರ್ಧರಿಸುತ್ತವೆ.

ನೀರಿನ ಪಾತ್ರ: ಲಿಗ್ಯಾಂಡ್ ಕೂರುವ ಜಾಗದಲ್ಲಿರುವ ನೀರೂ ಹೊಂದಿಕೆಯಲ್ಲಿ ಪಾಲುಗೊಳ್ಳಬಹುದು. ಉದಾಹರಣೆಗೆ, ಏಡ್ಸ್ ವೈರಸ್ಸಾದ ಎಚ್‌ಐವಿಯ ಪ್ರೋಟಿಯೇಸ್ ಕಿಣ್ವದಲ್ಲಿ ತಲಾ 99 ಅಮೈನೊ ಆಮ್ಲಗಳ ಎರಡು ಸಮಾನ ಸರಪಳಿಗಳಿವೆ. ಅದರ ಕ್ರಿಯಾಸ್ಥಾನದ ಮೇಲೆ ಬಾಗುವ ಎರಡು ಪಟ್ಟಿಗಳಿಗೂ ಒಳಗೆ ಕೂತು ಕಿಣ್ವದ ಕೆಲಸವನ್ನು ತಡೆಯುವ ಪ್ರತಿಬಂಧಕ ಅಣುವಿಗೂ ನಡುವೆ ಸಾಮಾನ್ಯವಾಗಿ ಒಂದೇ ಒಂದು ನೀರಿನ ಅಣು ಕೊಂಡಿಯಾಗಿರುತ್ತದೆ. ಡುಪಾಂಟ್ ಮರ್ಕ್ ಸಂಸ್ಥೆಯ ವಿಜ್ಞಾನಿಗಳು ಅಣುರಚನೆಗಳ ಸಂಗ್ರಹವನ್ನು ಕಂಪ್ಯೂಟರಿನಲ್ಲಿ ಜಾಲಾಡಿ, ಆ ನೀರನ್ನು ಹೊರದಬ್ಬಿ ತಮ್ಮ ಆಕ್ಸಿಜನ್ನನ್ನೇ ಅಲ್ಲಿ ನಿಲ್ಲಿಸುವ ಉಂಗುರಾಕಾರದ ಯೂರಿಯಾ ಸಂಯುಕ್ತಗಳನ್ನು ರೂಪಿಸಿ 1994ರಲ್ಲಿ ಪ್ರಕಟಿಸಿದರು. ಅವು ಕಿಣ್ವವನ್ನು ಬಿಗಿಯಾಗಿ ಹಿಡಿದರೂ ಮಾರುಕಟ್ಟೆಯ ಔಷಧಗಳಾಗಲಿಲ್ಲ.

ಮಿತಿಗಳು: ಭಂಗಿಯನ್ನು ಊಹಿಸುವುದಕ್ಕಿಂತ ಬಿಗಿತವನ್ನು ಊಹಿಸುವುದು ಕಷ್ಟ. ಕೊಠಡಿಯ ಉಷ್ಣತೆಯಲ್ಲಿ ಬಂಧನಶಕ್ತಿಯ ಲೆಕ್ಕ ಮೋಲಿಗೆ ಸುಮಾರು 1.4 ಕಿಲೊಕ್ಯಾಲರಿಯಷ್ಟು ತಪ್ಪಿದರೆ ಬಿಗಿತದ ಅಂದಾಜು 10 ಪಟ್ಟು ತಪ್ಪುತ್ತದೆ. ಜಾಗ ಬಿಡುವ ನೀರು, ಪ್ರೋಟೀನಿನ ಚಲನೆ, ಲಿಗ್ಯಾಂಡ್ ಕಳೆದುಕೊಳ್ಳುವ ಸ್ವಾತಂತ್ರ್ಯ ಇವನ್ನು ಡಾಕಿಂಗ್ ಸ್ಥೂಲವಾಗಿ ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ಲಿಗ್ಯಾಂಡನ್ನು ಹಂತಹಂತವಾಗಿ ಇನ್ನೊಂದಾಗಿ ಮಾರ್ಪಡಿಸುತ್ತ ಶಕ್ತಿಯ ವ್ಯತ್ಯಾಸ ಕಂಡುಹಿಡಿಯುವ ಕ್ರಮವನ್ನು ಬಿ. ಎಲ್. ಟೆಂಬೆ ಮತ್ತು ಆಂಡ್ರ್ಯೂ ಮೆಕ್ಯಾಮನ್ 1984ರಲ್ಲಿ ಮುಂದಿಟ್ಟರು. ಅದು ಹೆಚ್ಚು ನಿಖರ, ಆದರೆ ಗಣನೆಯ ಹೊರೆ ಬಹಳ. 2024ರ ‘ಆಲ್ಫಾಫೋಲ್ಡ್ 3’ ಪ್ರೋಟೀನು-ಲಿಗ್ಯಾಂಡುಗಳ ಸಂಯುಕ್ತ ರಚನೆಯನ್ನು ಊಹಿಸುತ್ತದೆ, ಬಿಗಿತವನ್ನು ಹೇಳುವುದಿಲ್ಲ.