ತೊಡೆಸಂದಿನ ನೋವೆಲ್ಲ ‘ಸೊಂಟ ಉಳುಕು’ ಅಲ್ಲ: ಏನಿದು ಹಿಪ್ ಇಂಪಿಂಜ್‌ಮೆಂಟ್?

ಕೌದಳ್ಳಿ ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋದವರು ‘ಸೊಂಟ ಹಿಡ್ಕೊಂಡಿದೆ’ ಎಂದರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ, ನೋವು ಎಲ್ಲಿ? ಬೆನ್ನಿನ ಕೆಳಭಾಗಕ್ಕೂ ತೊಡೆ ಸೇರುವ ಕೀಲಿಗೂ ನಮ್ಮಲ್ಲಿ ಒಂದೇ ಮಾತು, ಸೊಂಟ. ಈ ಗೊಂದಲದಲ್ಲಿ ಹಿಪ್ ಇಂಪಿಂಜ್‌ಮೆಂಟ್ ಸುಲಭವಾಗಿ ಮರೆಯಾಗುತ್ತದೆ.

ಈ ಕೀಲು ಬಟ್ಟಲಿನೊಳಗೆ ಕೂತ ಚೆಂಡಿನಂತಿದೆ. ಚೆಂಡಿನ ಕತ್ತಿನ ಬಳಿ ಮೂಳೆ ಉಬ್ಬಿದ್ದರೆ ‘ಕ್ಯಾಮ್’, ಬಟ್ಟಲಿನ ಅಂಚು ಹೆಚ್ಚು ಚಾಚಿದ್ದರೆ ‘ಪಿನ್ಸರ್’. ಕೆಲವರಲ್ಲಿ ಎರಡೂ ಇರುತ್ತವೆ. ಕುಕ್ಕರಗಾಲಲ್ಲಿ ಕೂತಾಗ ಮೂಳೆಗೆ ಮೂಳೆ ತಾಗಿ, ಬಟ್ಟಲಂಚಿನ ಮೆದು ಪದರ ನಜ್ಜಾಗಬಹುದು. ನೋವು ಹೆಚ್ಚಾಗಿ ತೊಡೆಸಂದಿನಲ್ಲೇ.

ಹಾಗಾದರೆ ಕುಕ್ಕರಗಾಲೇ ಕಾರಣವೇ? ಅಲ್ಲ. ಅದು ಇರುವ ತೊಂದರೆಯನ್ನು ಕೆಣಕುತ್ತದೆ, ಅಷ್ಟೆ. ಕ್ಯಾಮ್ ಉಬ್ಬು ಸಾಮಾನ್ಯವಾಗಿ ಹದಿಹರೆಯದಲ್ಲಿ, ಮೂಳೆ ಬೆಳೆಯುವಾಗ ಮೂಡುತ್ತದೆ. ಬಿರುಸಿನ ಆಟೋಟದ ನಂಟೂ ಇದೆ. ಉಬ್ಬಿದ್ದೂ ನೋವೇ ಇಲ್ಲದವರು ಬಹಳ ಮಂದಿ. ಆದ್ದರಿಂದಲೇ 2016ರ ವಾರ್ವಿಕ್ ಒಪ್ಪಂದದ ಪ್ರಕಾರ ಎಕ್ಸ್‌ರೇ ಒಂದೇ ಸಾಲದು. ರೋಗಿಯ ದೂರು, ವೈದ್ಯರ ಪರೀಕ್ಷೆ, ಚಿತ್ರ ಮೂರೂ ತಾಳೆಯಾಗಬೇಕು.

ಎಣ್ಣೆ ಹಚ್ಚಿ ನೀವಿಸಿದರೆ ಹಾಯೆನಿಸಬಹುದು, ಮೂಳೆಯ ಆಕಾರ ಬದಲಾಗದು. ಮೊದಲ ಹೆಜ್ಜೆ ಪೃಷ್ಠ ಮತ್ತು ಹೊಟ್ಟೆಯ ಸ್ನಾಯು ಬಲಪಡಿಸುವ ಫಿಸಿಯೋಥೆರಪಿ. ಕೆಲವು ಕಾಲ ಕುಕ್ಕರಗಾಲು, ತಗ್ಗು ಮಣೆ ಬಿಟ್ಟು ಕುರ್ಚಿ ಬಳಸಿ. ತಿಂಗಳುಗಟ್ಟಲೆ ಪ್ರಯತ್ನಿಸಿಯೂ ತಗ್ಗದಿದ್ದರೆ ಕೀಲುದರ್ಶಕ ಶಸ್ತ್ರಚಿಕಿತ್ಸೆ. 2018ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ, 348 ರೋಗಿಗಳ ಬ್ರಿಟನ್ ಅಧ್ಯಯನದಲ್ಲಿ ಎರಡೂ ಗುಂಪು ಸುಧಾರಿಸಿತು. ಶಸ್ತ್ರಚಿಕಿತ್ಸೆಯ ಗುಂಪು ತುಸು ಹೆಚ್ಚು.

ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಅಥವಾ ನೋವಿನ ಜೊತೆ ಜ್ವರವಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.